ರೇಷ್ಮೆ ನೆನೆಯದ ಹಾಗೆ

ನನಗೆ ನಲವತ್ತೊಂದು. ಬೆನ್ನಿನ ಕೆಳಭಾಗದಲ್ಲಿ ಮೂಳೆ ಮುಚ್ಚಿಕೊಳ್ಳದೆ ಹುಟ್ಟಿದವಳು. ಡಾಕ್ಟರುಗಳು ಸ್ಪೈನಾ ಬೈಫಿಡಾ ಅನ್ನುತ್ತಾರೆ. ಮೊಣಕಾಲಿನ ಕೆಳಗೆ ಮುಟ್ಟಿದ್ದು ತಿಳಿಯದು, ಮೂತ್ರ ಬಂದದ್ದೂ ತಿಳಿಯದು. ಕೊಳ್ಳೇಗಾಲ, ಹನೂರು, ಯಳಂದೂರು, ಎಲ್ಲಿ ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನೆಲ್ಲ ಮೊದಲಿಂದ ಒಪ್ಪಿಸಬೇಕು. ಮಕ್ಕಳ ಡಾಕ್ಟರಿಗೆ ನಾನು ದೊಡ್ಡವಳು. ದೊಡ್ಡವರ ಡಾಕ್ಟರಿಗೆ ನನ್ನದು ಮಕ್ಕಳ ಕಾಯಿಲೆ. ಹೇಳಿ ಹೇಳಿ ಸಾಕಾಗಿಹೋಗಿದೆ.

ಮನೆಯಲ್ಲಿ ಅಣ್ಣ ರೇಷ್ಮೆ ಸೀರೆ ನೇಯುತ್ತಾನೆ. ಮಗ್ಗ ತುಳಿಯಲು ನನ್ನ ಕಾಲು ಕೇಳಬೇಕಲ್ಲ! ಹಾಗಾಗಿ ನಾನು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತೇನೆ. ಅಂದರೆ ಲಾಳಿಯೊಳಗೆ ಇಡುವ ಪುಟ್ಟ ಕಡ್ಡಿಗೆ ನೂಲು ತುಂಬುವುದು. ಬಣ್ಣದ ರೇಷ್ಮೆಗೆ ಒಂದು ಹನಿ ತಾಗಿದರೂ ಕಲೆ. ಮದುವೆ ಹೆಣ್ಣು ಉಡುವ ಸೀರೆಯ ಮೇಲೆ ನನ್ನ ಉಚ್ಚೆ ಬಿದ್ದರೆ ಉಂಟೇ? ಅದಕ್ಕೇ ಅವ್ವ ಚಿಕ್ಕಂದಿನಲ್ಲೇ ಕಟ್ಟಳೆ ಮಾಡಿದ್ದಳು. ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ರಾಟೆಯಿಂದ ಏಳುವವರೆಗೆ ಒಂದು ಗುಟುಕು ನೀರಿಲ್ಲ. ಬೇಸಿಗೆಯಲ್ಲಿ ನಾಲಿಗೆ ಒಣಗಿ ಕಟ್ಟಿಗೆಯಾಗುತ್ತಿತ್ತು. ಆದರೂ ಇಷ್ಟು ವರ್ಷದಲ್ಲಿ ಒಂದು ಎಳೆ ಕೆಡಿಸಲಿಲ್ಲ ಅನ್ನುವ ಜಂಬ ನನಗೂ ಇತ್ತು.

ಈ ವರ್ಷ ಚಳಿಜ್ವರ ಬಿಟ್ಟು ಬಿಟ್ಟು ಬಂತು. ಇಲ್ಲಿನ ಮಾತ್ರೆಗೆ ಬಗ್ಗಲಿಲ್ಲ. ಅಣ್ಣ ನನ್ನನ್ನೂ ಅವ್ವನನ್ನೂ ಬಾಡಿಗೆ ಕಾರಿನಲ್ಲಿ ಮೈಸೂರಿಗೆ ಕರೆದೊಯ್ದ. ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ, "ದಿನಕ್ಕೆ ಎಷ್ಟು ನೀರು ಕುಡೀತೀರಿ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಅಗಲೊತ್ತಲ್ಲಿ ಒಂದ್ ಗುಟ್ಕೂ ಕುಡಿಯಾಕಿಲ್ಲ ಕಣವ್ವ. ಬಲು ಗಟ್ಟಿ ನಮ್ ಉಡ್ಗಿ" ಅಂದಳು, ಹೆಮ್ಮೆಯಿಂದ.

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ನನ್ನಂಥವರಿಗೆ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ, ಒಳಗೇ ನಿಂತು ಸೋಂಕಾಗಿ ಕಿಡ್ನಿಗೆ ಹತ್ತುತ್ತದೆ, ನೀರು ಕುಡಿಯದಿದ್ದರೆ ಇನ್ನೂ ಕೇಡು ಎಂದು ಬಿಡಿಸಿ ಹೇಳಿದರು. ಒಂದು ಕಿಡ್ನಿ ಆಗಲೇ ಸುರುಟಿಹೋಗಿತ್ತು. ಇನ್ನೊಂದು ಉಳಿಯಬೇಕಾದರೆ ನೀರು ಕುಡಿಯಬೇಕು, ನಾಲ್ಕು ಗಂಟೆಗೊಮ್ಮೆ ಸಣ್ಣ ಪೈಪು ಹಾಕಿ ಮೂತ್ರ ಖಾಲಿ ಮಾಡಬೇಕು. ನರ್ಸಮ್ಮ ಅದನ್ನು ಹತ್ತು ನಿಮಿಷದಲ್ಲಿ ಕಲಿಸಿಬಿಟ್ಟಳು. ಹತ್ತೇ ನಿಮಿಷ! ನಲವತ್ತು ವರ್ಷ ಯಾರಿಗೂ ಆ ಹತ್ತು ನಿಮಿಷ ಪುರುಸೊತ್ತಾಗಿರಲಿಲ್ಲ.

ಮಾರನೆಯ ದಿನ ರಾಟೆಯ ಮುಂದೆ ಕೂತಿದ್ದಾಗ ಅವ್ವ ಚೊಂಬಿನಲ್ಲಿ ನೀರು ತಂದು, "ಕುಡಿಯವ್ವ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಈಗ್ ತಂದ್ಯಾ? ಒಂದ್ ಕಿಡ್ನಿ ಓದ್ ಮೇಲೆ ತಂದ್ಯಾ?"

ಅವ್ವ ಚೊಂಬು ಕೆಳಗಿಟ್ಟು ನನ್ನ ಪಕ್ಕ ಕೂತಳು.

"ನೀ ಉಟ್ದಾಗ ಐದ್ ವರ್ಸ ದಾಟಾಕಿಲ್ಲ ಅಂದ್ರು. ಇರೋಗಂಟ ಯಾರೂ ನಿನ್ನ ಛೀ ಅನ್ಬಾರ್ದು ಅಂತ, ಅಷ್ಟೇ ನೋಡ್ಕಂಡೆ. ಇಷ್ಟು ವರ್ಸ ಬದುಕ್ತೀಯ ಅಂತ ನಂಗ್ಯಾರು ಏಳಿದ್ರು ಮಗಾ?"

ನಾನು ಚೊಂಬೆತ್ತಿ ನೀರು ಕುಡಿದೆ. ಸಿಟ್ಟು ಇನ್ನೂ ಇದೆ. ಯಾರ ಮೇಲೆ ಅನ್ನುವುದು ಮಾತ್ರ ಗೊತ್ತಾಗುತ್ತಿಲ್ಲ. ಅವ್ವನಿಗೀಗ ಎಪ್ಪತ್ತು ದಾಟಿದೆ. ಮೂರು ತಿಂಗಳಿಗೆ ಮತ್ತೆ ರಕ್ತ ನೋಡುತ್ತಾರಂತೆ. ಈ ಒಂದು ಕಿಡ್ನಿ ಅವಳು ಇರುವವರೆಗಾದರೂ ನಡೆಯಬೇಕು. ಇಲ್ಲದಿದ್ದರೆ ನನ್ನನ್ನು ಕೊಂದದ್ದು ತಾನೇ ಅಂದುಕೊಂಡು ಸಾಯುತ್ತಾಳೆ.