ಸುಣ್ಣದ ಗೆರೆಯೊಳಗಿನ ಆಪು

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಜಾಲಿಮುಳ್ಳಿನ ತುದಿ ಇಂದಿಗೂ ಉಳಿದಿದೆ. ತೆಗೆಸಿಕೊಳ್ಳಿ ಎಂದ ವೈದ್ಯರಿಗೆಲ್ಲ ನಯವಾಗಿಯೇ ನಿರಾಕರಿಸಿದ್ದೇನೆ. ಕೆಲವರು ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ನನ್ನದು ಚರ್ಮದೊಳಗೇ ಇದೆ, ಧೂಳು ಒರೆಸುವ ಕೆಲಸವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಕುಕನೂರಿನ ಸಮೀಪದ ಒಂದು ಹಳ್ಳಿಯಲ್ಲಿ ನಾನು ಶಾಲಾ ಮಾಸ್ತರನಾಗಿದ್ದೆ. ಹಳ್ಳದ ನೀರು ಊರ ಕೆರೆಗೆ ಬಂದು ಸೇರುವಲ್ಲಿ ಒಂದು ಜವಳು ನೆಲವಿತ್ತು. ನಮ್ಮ ಒಣಸೀಮೆಯಲ್ಲಿ ಬೇಸಿಗೆಯಲ್ಲಿಯೂ ಕಾಲು ಹೂತುಕೊಳ್ಳುವಷ್ಟು ಕೆಸರಿರುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಅಲ್ಲಿ ಎದೆಮಟ್ಟ ಬೆಳೆದ ಆಪುಹುಲ್ಲಿನೊಳಗೆ ನೀರುಕೋಳಿಗಳು ಮರಿ ಮಾಡುತ್ತಿದ್ದವು. ಆ ನೆಲವನ್ನು ಬಳ್ಳಾರಿ ಜಾಲಿ ಸುತ್ತುಗಟ್ಟಿ ನುಂಗತೊಡಗಿತು. ಈ ಗಿಡಕ್ಕೆ ಬಳ್ಳಾರಿಯ ಹೆಸರು ಅಂಟಿಸಿದವರು ಯಾರೋ. ಅದು ಸಮುದ್ರದಾಚೆಯಿಂದ ಬಂದ ಅತಿಥಿ, ಆಡುಗಳು ಕಾಯಿ ತಿಂದು ಹಿಕ್ಕೆಯೊಡನೆ ಊರೂರಿಗೆ ಬಿತ್ತಿದವು. ಹೀಗೇ ಬಿಟ್ಟರೆ ನಾಲ್ಕು ಮಳೆಗಾಲದಲ್ಲಿ ಜವಳೂ ಇಲ್ಲ, ಹಕ್ಕಿಯೂ ಇಲ್ಲ ಎಂಬುದು ನನಗೆ ಖಚಿತವಾಯಿತು. ನಾಲ್ಕಾರು ಜನರನ್ನು ಕೂಡಿಸಿಕೊಂಡು ರವಿವಾರಗಳಂದು ಶ್ರಮದಾನ ಆರಂಭಿಸಿದೆ.

ಊರವರ ರೂಢಿ ಜಾಲಿಯನ್ನು ಮೊಣಕಾಲೆತ್ತರಕ್ಕೆ ಕಡಿಯುವುದು; ಬುಡ ಚಿಗುರಿದರೆ ಮುಂದಿನ ವರ್ಷಕ್ಕೂ ಉರುವಲು. ಬೇರು ಸಹಿತ ಅಗೆಯಬೇಕೆಂಬುದು ನನ್ನ ಹಟ. ಏರಿಯ ಮೇಲೆ ನಿಂತಿದ್ದ ಊರ ಗೌಡರು ಎಲ್ಲರಿಗೂ ಕೇಳುವಂತೆ ಅಂದರು: "ಮಾಸ್ತರ, ಕಿವಿ ಹಿಂಡೋ ಕೈಗೆ ಗುದ್ದಲಿ ಯಾತಕ್ಕರಿ? ಒಂದು ಬುಡ ಕೀಳೂದ್ರಾಗ ನಿಮಗ ಪೆನ್ಶನ್ ಬರ್ತೈತಿ!"

ನಕ್ಕವರು ಏಳು ಮಂದಿ. ಅವರಲ್ಲಿ ಇಬ್ಬರಿಗೆ ಮಗ್ಗಿ ಕಲಿಸಿದವನು ನಾನೇ. ಏಳೂ ಹೆಸರುಗಳನ್ನು ಈಗಲೂ ಹೇಳಬಲ್ಲೆ. ಸಭ್ಯತೆಯ ಕಾರಣದಿಂದ ಹೇಳುವುದಿಲ್ಲ. ಮರುವಾರ ಆಳುದ್ದ ಬೇರಿದ್ದ ಒಂದು ಬುಡವನ್ನು ಹೊತ್ತು ತಂದು ಗೌಡರ ಕಟ್ಟೆಯ ಮೇಲೆ ಮಲಗಿಸಿದೆ. ಹೆಬ್ಬೆರಳಿನೊಳಗೆ ಮುಳ್ಳು ಮುರಿದದ್ದು ಆಗಲೇ.

ನ್ಯಾಯವಾದ ಆಕ್ಷೇಪ ಬಂದದ್ದು ಉರುವಲು ಆಯುವ ಹನುಮವ್ವನಿಂದ. "ಎಲ್ಲಾ ಕಿತ್ತರ ನನ್ನ ಒಲಿಗೆ ನಿಮ್ಮ ಹಾಜರಿ ಪುಸ್ತಕ ಹಾಕ್ಲೇನ್ರಿ?" ಆಟದ ಮೈದಾನಕ್ಕೆ ಹಾಕುವಂತೆ ಜವಳಿನ ಸುತ್ತ ನಾನೊಂದು ಸುಣ್ಣದ ಗೆರೆ ಎಳೆದೆ: ಆಚೆಯ ಒಣನೆಲದ ಜಾಲಿ ಅವಳ ಒಲೆಗೆ, ಈಚೆಯದು ಬೇರು ಸಹಿತ ಹೊರಗೆ. ಆದರೆ ಗೆರೆ ಎಳೆದವನಿಗೆ ಗೆರೆಯ ಹುಚ್ಚು ಹಿಡಿಯುತ್ತದೆ. ಒಳಗೆ ಏನೂ ಉಳಿಯಕೂಡದೆಂದು ಆದೇಶಿಸಿ, ಒಂದು ರವಿವಾರ ಜಾಲಿಯ ಜೊತೆಗೆ ಆಪನ್ನೂ ಕೀಳಿಸಿಬಿಟ್ಟೆ. ನೆಲ ಶಾಲೆಯ ಅಂಗಳದಷ್ಟು ಚೊಕ್ಕಟವಾಯಿತು. ಹನುಮವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಭಾಳ ಛಲೋ ಆತ್ರಿ. ಇನ್ನ ನೀರುಕೋಳಿ ಮರಿ ಎಲ್ಲಿ ಮಾಡಬೇಕು, ನಿಮ್ಮ ಟೊಪಗ್ಯಾಗ?"

ಸಂಜೆಯೊಳಗೆ, ಬೇರು ಒಣಗುವ ಮುನ್ನ, ನಾನೇ ಕೆಸರಿಗಿಳಿದು ಅಷ್ಟನ್ನೂ ಮತ್ತೆ ನೆಟ್ಟೆ. ಗಡ್ಡೆಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಿದ್ದ ಹನುಮವ್ವ, "ತಲಿಕೆಳಗ ನೆಟ್ಟೀರಿ, ಮಾಸ್ತರ" ಎಂದು ಎರಡು ಸಲ ತಿದ್ದಿದಳು. ಆ ಎರಡೂ ನನಗೆ ನೆನಪಿವೆ.

ಎರಡನೆಯ ಮಳೆಗಾಲದಲ್ಲಿ ಆಪಿನೊಳಗಿಂದ ನೀರುಕೋಳಿಯೊಂದು ಕರಿಮರಿಗಳ ಸಾಲನ್ನು ಹಿಂದಿಟ್ಟುಕೊಂಡು ಹೊರಬಂತು. ಕುಷ್ಟಗಿಯಿಂದ ಬಂದ ಬೀಗರನ್ನು ಏರಿಯ ಮೇಲೆ ನಿಲ್ಲಿಸಿ ಗೌಡರು, "ನೋಡ್ರಿ, ನಮ್ಮ ಕೆರಿ ಹೆಂಗ ಕಾಯ್ದೀವಿ!" ಎಂದರು. ಸರಿಯಾದ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ನಾನು ಮುಂದೆ ಹೆಜ್ಜೆಯಿಟ್ಟೆ. ಕಟ್ಟಿಗೆಯ ಹೊರೆ ಹೊತ್ತು ನಿಂತಿದ್ದ ಹನುಮವ್ವ ಪಿಸುಗುಟ್ಟಿದಳು: "ಸುಮ್ನಿರ್ರಿ ಮಾಸ್ತರ, ಮರಿ ಹೆದರ್ತಾವ."

ಸುಮ್ಮನಾದೆ. ಜೀವಮಾನದಲ್ಲಿ ನಾನು ಉತ್ತರ ಕೊಡದೆ ಬಿಟ್ಟ ಮಾತು ಅದೊಂದೇ. ಮೋಡ ಕವಿದಾಗ ಹೆಬ್ಬೆರಳಿನ ಮುಳ್ಳು ನೋಯುತ್ತದೆ. ಅಂದು ನುಂಗಿಕೊಂಡ ಆ ಉತ್ತರ ಮಾತ್ರ ನೋಯುವುದಿಲ್ಲ.