ಅಗ್ನಿಶಿಖೆಯ ಗಡ್ಡೆ

ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಕಮಲಾಪುರದ ನರ್ಸರಿಯೊಂದರಲ್ಲಿ ನಾನು ತೋಟಗಾರಿಕೆ ಸಹಾಯಕ. ಅಪರೂಪದ ಬಳ್ಳಿಗಳನ್ನು ಬೆಳೆಸುವುದು ನನ್ನ ಹಳೆಯ ಹುಚ್ಚು. ಅದರಲ್ಲೂ ಅಗ್ನಿಶಿಖೆ. ಎಲೆಯ ತುದಿಯನ್ನೇ ಸುರುಳಿ ಮಾಡಿ ಆಸರೆ ಹಿಡಿದು ಏರುವ ಬಳ್ಳಿ ಅದು. ಹೂವು ಬೆಂಕಿಯ ಬಣ್ಣ, ಗಡ್ಡೆಯ ತುಂಬ ಕಾಲ್ಚಿಸಿನ್ ಎಂಬ ವಿಷ.

ಶಿವರಾತ್ರಿಯ ಮುನ್ನಾದಿನ ಮನೆಯಲ್ಲಿ ನೆಡಲೆಂದು ಕೆಲವು ಗಡ್ಡೆಗಳನ್ನು ತುಂಡು ಮಾಡಿ, ಪೇಪರಿನಲ್ಲಿ ಸುತ್ತಿ ಬೆಂಚಿನ ಮೇಲಿಟ್ಟೆ. ಸಂಜೆ ಬಸ್ಸಿನ ಅವಸರದಲ್ಲಿ ಪೊಟ್ಟಣ ಎತ್ತಿಕೊಂಡು ಕಲಬುರಗಿಗೆ ಬಂದೆ. ಮರುದಿನ ಬೆಳಿಗ್ಗೆ ಖೂಬಾ ಪ್ಲಾಟಿನ ನನ್ನ ಮನೆಯಲ್ಲಿ ಬಿಚ್ಚಿದರೆ ಒಳಗೆ ಗೆಣಸು! ನರ್ಸರಿಯ ಕೆಲಸದಾಕೆ ಮಹಾದೇವಿ ಉಪವಾಸಕ್ಕೆಂದು ಸಂತೆಯಿಂದ ತಂದು ಅಂಥದ್ದೇ ಪೇಪರಿನಲ್ಲಿ ಸುತ್ತಿ ಅದೇ ಬೆಂಚಿನ ಮೇಲೆ ಇಟ್ಟಿದ್ದ ಗೆಣಸು. ಅಂದರೆ ನನ್ನ ಪೊಟ್ಟಣ ಅವಳ ಮನೆಯಲ್ಲಿತ್ತು.

ಫೋನ್ ಮಾಡಿದೆ, ಎತ್ತಲಿಲ್ಲ. ಕಮಲಾಪುರದ ಬಸ್ ಹತ್ತಿ ಮತ್ತೆ ಮತ್ತೆ ಮಾಡಿದೆ. ಒಂದು ತಾಸಿನ ಹಾದಿ, ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲ ಬಳಿಯೇ ನಿಂತು ಹೋದೆ.

ಮನೆ ಮುಟ್ಟಿದಾಗ ಮಹಾದೇವಿ ಗುಡಿಗೆ ಹೋಗಿದ್ದಳು. ಕಣ್ಣು ಮಂಜಾದ ಅವಳ ಅತ್ತೆ ಗಡ್ಡೆಯ ತುಂಡುಗಳನ್ನು ಗೆಣಸೆಂದು ಆಗಲೇ ಬೇಯಿಸಿಟ್ಟಿದ್ದರು.

"ತಿಂದ್ರೇನವ್ವ?"

"ಎರಡು ತುಣುಕು ತಿಂದೀನ್ರಿ. ಕಹಿ ಇತ್ತು, ಬಿಟ್ಟೆ."

"ಏಳ್ರಿ, ದವಾಖಾನಿಗೆ ಹೋಗೋಣ."

"ನನಗೇನಾಗ್ಯಾದ? ಹಬ್ಬದ ದಿನ ದವಾಖಾನಿ ಯಾಕ?"

ಅವರು ನಿಜಕ್ಕೂ ಆರಾಮಾಗಿದ್ದರು. ಅದೇ ನನ್ನ ಹೆದರಿಕೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ, ಲಕ್ಷಣಗಳು ಕಾಣಲು ಕೆಲವು ತಾಸು ಬೇಕು. ಅಷ್ಟರಲ್ಲಿ ಮಹಾದೇವಿ ಬಂದಳು. ಆದದ್ದನ್ನು ಹೇಳಿದೆ. ಅತ್ತೆಯ ಕೈಹಿಡಿದು ಎಬ್ಬಿಸಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ವೈದ್ಯರು, "ಏನು ತಿಂದಾರ?" ಎಂದರು. ಗಿಡದ ಹೆಸರು ಹೇಳಿದೆ. "ನನ್ನ ಗಡ್ಡೆರೀ. ಪೊಟ್ಟಣ ಬದಲಾಗ್ಯಾದ, ತಪ್ಪು ನಂದು" ಎಂದೂ ಹೇಳಿದೆ. ಹೊಟ್ಟೆ ತೊಳೆದರು, ಸಲೈನ್ ಹಚ್ಚಿದರು. ಮಧ್ಯಾಹ್ನ ವಾಂತಿ, ಭೇದಿ ಶುರುವಾಯಿತು. ನಾಲ್ಕು ದಿನ ನಾನು ವಾರ್ಡಿನ ಹೊರಗೆ ಅಡ್ಡಾಡಿದೆ. ಐದನೆಯ ದಿನ ಮಹಾದೇವಿಯ ಅತ್ತೆ ಗಂಜಿ ಕೇಳಿದರು. ಮುಂದೆ ಆ ವಿಷಕ್ಕೆ ಅವರ ತಲೆಗೂದಲೆಲ್ಲ ಉದುರಿತು. ಕೆಲವು ತಿಂಗಳಲ್ಲಿ ಮತ್ತೆ ಬಂತು.

ನರ್ಸರಿಗೆ ಮರಳಿದವನೇ ಪ್ರತಿ ಪೊಟ್ಟಣಕ್ಕೂ ದಪ್ಪ ಅಕ್ಷರದಲ್ಲಿ 'ವಿಷ' ಎಂದು ಬರೆದು ಚೀಟಿ ಅಂಟಿಸಿದೆ. ಮಹಾದೇವಿ ನೋಡುತ್ತ ನಿಂತಿದ್ದಳು.

"ನನಗ ಓದಾಕ ಬರಂಗಿಲ್ರೀ, ಸಾಹೇಬ್ರ."

ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು. ಆ ಗಡ್ಡೆ ವಿಷವೆಂದು ಅವಳಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅಂದು ಅವಳನ್ನು ಕೂರಿಸಿಕೊಂಡು ಒಂದೊಂದೇ ಬಳ್ಳಿ ತೋರಿಸಿ ಹೇಳಲು ಶುರುಮಾಡಿದೆ. ನನ್ನ ಕೆಲಸದ ಅರ್ಧ ಭಾಗವನ್ನು ಮಾಡಿಯೇ ಇರಲಿಲ್ಲವೆಂದು ಗೊತ್ತಾಗಿದ್ದು ಆಗ.