ತೂಬಿನ ಹತ್ತಿರ ಆಳಿಲ್ಲ

ಎಲ್ಲಿಗೆ ಹೋಗುವುದು ಎಂಬ ಮಾತು ಶುರುವಾದದ್ದು ಹಬ್ಬದ ಚಕ್ಕುಲಿ ತಿನ್ನುತ್ತಾ ಕೂತಾಗ. ಆ ದಿನವನ್ನು ನಾನು ಯಾವಾಗಲೂ ಅಲ್ಲಿಂದಲೇ ಶುರುಮಾಡಿಕೊಂಡು ನೋಡುತ್ತೇನೆ. ನೀರಿನ ಹತ್ತಿರಕ್ಕೆ ಬರುವ ಮೊದಲು ಎಲ್ಲಾದರೂ ಒಂದು ಕಡೆ ಮಾತು ಬೇರೆ ಹಾದಿ ಹಿಡಿದೀತು ಎಂದು ಕಾಯುತ್ತೇನೆ. ಹಿಡಿಯುವುದಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿವಮೊಗ್ಗದಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದ ನಾನು ದೀಪಾವಳಿಗೆಂದು ಶಿಕಾರಿಪುರದ ಮನೆಗೆ ಬಂದಿದ್ದೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಹೊಲ ಗದ್ದೆ ನಮಗೆ ಇರಲಿಲ್ಲ, ನೀರು ಬಿಡುವುದು ಕಟ್ಟುವುದು ಯಾರಿಗೂ ಗೊತ್ತಿರಲಿಲ್ಲ. ಅಕ್ಕನನ್ನು ಆ ಬೇಸಿಗೆಯಲ್ಲಷ್ಟೇ ಸೊರಬದ ಕಡೆಯ ಗದ್ದೆ ಮನೆತನವೊಂದಕ್ಕೆ ಕೊಟ್ಟಿದ್ದೆವು. ಮದುವೆಯ ನಂತರದ ಮೊದಲ ಹಬ್ಬವಾದ್ದರಿಂದ ಭಾವನನ್ನು ಕರೆಸಿ, ಎಣ್ಣೆನೀರು ಹಾಕಿ, ಜರಿಯಂಚಿನ ಪಂಚೆ ಉಡಿಸಿ ಆಗಿತ್ತು. ಹಬ್ಬ ಮುಗಿದರೂ ಅಮ್ಮ ಅವರನ್ನು ಕಳಿಸಲಿಲ್ಲ. ಹೊಸ ಅಳಿಯನನ್ನು ಸುಮ್ಮನೆ ಕೂರಿಸುವುದಾದರೂ ಹೇಗೆ? ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಎಂದಾಯಿತು.

ಅಣ್ಣನಿಗೆ ಮೊದಲಿನಿಂದಲೂ ಒಂದೇ ಜಾಗ. ಅಂಜನಾಪುರದ ಕೆರೆ. ಆ ವರ್ಷ ಮಳೆ ಚೆನ್ನಾಗಿ ಆಗಿ ನೀರು ಏರಿಯ ಮುಕ್ಕಾಲಿಗೆ ನಿಂತಿತ್ತು. ಅಣ್ಣ ಮತ್ತು ನಮ್ಮ ಚಿಕ್ಕಪ್ಪನ ಮಗ ಇಬ್ಬರೂ ಮೀನಿನ ಹಾಗೆ ಈಜುವವರು. ಭಾವನಿಗೆ ಮಾತ್ರ ಈಜು ಬರುತ್ತಿರಲಿಲ್ಲ. ಗದ್ದೆಯಲ್ಲಿ ಮೊಣಕಾಲ ಮಟ್ಟದ ಕೆಸರಿನಲ್ಲಿ ದಿನವಿಡೀ ನಿಲ್ಲಬಲ್ಲ ಮನುಷ್ಯ, ಸೊಂಟ ಮುಳುಗುವ ನೀರೆಂದರೆ ಹಿಂದೆ ಸರಿಯುತ್ತಿದ್ದರು.

ಅವರು ಮೆಲ್ಲಗೆ ಹೇಳಿದರು, "ಬಂದಳಿಕೆಗೆ ಹೋಗಾನ. ಹಳೇ ಗುಡಿ ಅದಾವೆ. ಕೂತು ಬುತ್ತಿ ಉಣ್ಣಾಕೆ ನೆರಳೂ ಐತೆ."

"ಅಷ್ಟು ದೂರ ಹೋಗಿ ಬಿದ್ದ ಕಲ್ಲು ನೋಡಿ ಬರೂದೇನ್ರೀ ಭಾವ?" ಎಂದ ಅಣ್ಣ. ಅವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು.

"ಇಲ್ಲಾಂದ್ರೆ ಕುಬಟೂರು."

ಚಿಕ್ಕಪ್ಪನ ಮಗ ಜೋರಾಗಿ ನಕ್ಕ. "ಕುಬಟೂರು ನಿಮ್ಮೂರಿನ ಮಗ್ಗುಲಿಗೇ ಐತಿ. ಅದನ್ನು ನೋಡಾಕ ಇಲ್ಲೀತನಕ ಬಂದ್ರೇನು? ಹಂಗಾದ್ರ ನಾಳೆ ಹೆಂಡ್ತಿ ಕರ್ಕೊಂಡು ಹೊಂಡ್ರಿ, ಹಾದಿಯಾಗ ನೋಡಿಕೊಳ್ರಿ."

ಎಲ್ಲರೂ ನಕ್ಕೆವು. ಭಾವನೂ ನಕ್ಕರು. ಅವರು ಮುಂಗೋಪದ ಮನುಷ್ಯರಲ್ಲ.

ಆಮೇಲೆ ಅಣ್ಣ ರಾಜಿಯ ಮಾತಿಗೆ ಬಂದ. "ನೋಡ್ರೀ, ಈಜು ಬರ್ದವ್ರಿಗೂ ಅಂಜನಾಪುರದಾಗ ಬೇಕಾದಷ್ಟು ಐತಿ. ಏರಿ ಮ್ಯಾಲೆ ಗಾಳಿ ಹೆಂಗ್ ಬೀಸ್ತತಿ ಅಂತೀರಿ! ಕಾಲು ಇಳಿಬಿಟ್ಕೊಂಡು ಕೂತ್ಕೊಳ್ರಿ. ಯಾರು ನಿಮ್ಮನ್ನ ನೀರಿಗೆ ನೂಕ್ತಾರ?"

ಅಕ್ಕನನ್ನು ಕೇಳಿದರು. ಅವಳು ಗಂಡನ ಮುಖ ನೋಡಿ, ಅಣ್ಣನ ಮುಖ ನೋಡಿ, "ಎಲ್ಲಿಗಾದ್ರೂ ಆಗ್ಲಿ. ಎಲ್ರೂ ಒಟ್ಟಿಗೆ ಇದ್ರೆ ಸಾಕು" ಅಂದಳು. ತವರಿನವರಿಗೂ ಗಂಡನಿಗೂ ನಡುವೆ ಹೊಸದಾಗಿ ನಿಂತ ಹುಡುಗಿ ಇನ್ನೇನು ಹೇಳಿಯಾಳು?

ಮರುದಿನ ಗಾಡಿ ಕಟ್ಟಿದರು. ಅಮ್ಮ ಮಂಡಕ್ಕಿ ಉಸುಲಿ, ಮೊಸರನ್ನ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಹಾದಿಯುದ್ದಕ್ಕೂ ಭತ್ತದ ತೆನೆ ಬಾಗಿತ್ತು. ಆ ದಿನ ಭಾವ ನಿರಾಳವಾಗಿದ್ದ ಹೊತ್ತು ಎಂದರೆ ಅದೊಂದೇ. ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತು, ಯಾವ ಗದ್ದೆಗೆ ನೀರು ಸಾಲದು, ಯಾವುದಕ್ಕೆ ಹೆಚ್ಚಾಗಿದೆ ಎಂದು ಅಕ್ಕನಿಗೆ ತೋರಿಸುತ್ತಾ ಬಂದರು. ಅವಳಿಗೆ ಅದೇನೂ ತಿಳಿಯದಿದ್ದರೂ ತಲೆಯಾಡಿಸುತ್ತಿದ್ದಳು.

ಕೆರೆಗೆ ಬಂದೊಡನೆ ಅಣ್ಣನೂ ಚಿಕ್ಕಪ್ಪನ ಮಗನೂ ನೀರಿಗೆ ಹಾರಿದರು. ನಾವು ಮೂವರು ಏರಿಯ ಮೇಲೆ ಕೂತೆವು. ಸ್ವಲ್ಪ ಆಚೆಗೆ ತೂಬು, ಗದ್ದೆಗಳಿಗೆ ನೀರು ಬಿಡುವ ಬಾಗಿಲು. ಅದರ ಪಕ್ಕದಲ್ಲಿ ಕಲ್ಲಿನ ಮೆಟ್ಟಿಲು ನೀರಿನೊಳಗೆ ಇಳಿದಿತ್ತು. ಅಲ್ಲಿ ನೀರು ಅಲುಗಾಡದೆ, ನೋಡಲು ಬಹಳ ಸಾಧುವಾಗಿ ಕಾಣುತ್ತಿತ್ತು.

ನಡುನೀರಿನಿಂದ ಅಣ್ಣ ಕೂಗಿದ, "ಏನ್ರೀ ಭಾವ! ನಮ್ಮ ತಂಗಿ ಬಳೆ ನೀರಿಗೆ ಬಿದ್ರ ತೆಗೆದು ಕೊಡೋರು ಯಾರ್ರೀ?"

"ಬಳೆ ಹೋದ್ರೆ ಬೇರೆ ಕೊಡಿಸ್ತೀನಿ. ನಿಮ್ಮ ಅಂಗಡಿ ಪಕ್ಕದಾಗೇ ಸಿಗ್ತಾವಲ್ಲ" ಎಂದು ಭಾವ ಇಲ್ಲಿಂದಲೇ ಕೂಗಿದರು. ಒಳ್ಳೆಯ ಉತ್ತರವೇ. ಆದರೂ ಆಮೇಲೆ ಅವರ ಕಣ್ಣು ಮತ್ತೆ ಮತ್ತೆ ಮೆಟ್ಟಿಲ ಕಡೆಗೆ ಹೋಗುತ್ತಿತ್ತು. ಹೆಂಡತಿಯ ಮುಂದೆ ದಡದಲ್ಲಿ ಕೂತಿರುವುದು ಅವರಿಗೂ ಹಿತವಾಗಿರಲಿಲ್ಲವೇನೋ.

ಅಷ್ಟರಲ್ಲಿ ಏರಿಯ ಮೇಲೆ ಒಬ್ಬ ಮುದುಕಿ ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆ ಮುಖದ ಅರ್ಧಕ್ಕೆ ಇಳಿಬಿದ್ದಿತ್ತು. ಭಾವ ಎದ್ದು ಹೋಗಿ, ತೂಬಿನ ಕಡೆ ಕೈ ತೋರಿಸಿ ಕೇಳಿದರು, "ಅವ್ವಾ, ಅಲ್ಲಿ ಇಳಿಬೌದಾ?"

ಅವಳು ನಿಲ್ಲಲಿಲ್ಲ. "ತೂಬಿನ ಹತ್ರ ಆಳಿಲ್ರೀ ಯಪ್ಪಾ" ಎಂದು ಹೇಳಿ ಮುಂದೆ ನಡೆದಳು.

ಆ ಮಾತು ನನ್ನ ಕಿವಿಗೂ ಬಿತ್ತು. ನನಗೆ ಕೇಳಿದ್ದೂ ಭಾವನಿಗೆ ಕೇಳಿದ್ದೇ. ಅಕ್ಕನಿಗೂ ಅಷ್ಟೇ. ಅಲ್ಲಿ ಆಳ ಇಲ್ಲ.

ಭಾವ ನಮ್ಮ ಕಡೆಗೆ ತಿರುಗಿದಾಗ ಅವರ ಮುಖದಲ್ಲಿದ್ದ ಸಮಾಧಾನವನ್ನು ನಾನು ಮರೆಯಲಾರೆ. "ಆಳಿಲ್ವಂತೆ!" ಎಂದರು, ಬಹುಮಾನ ಬಂದವರ ಹಾಗೆ. ಮದುವೆಯಲ್ಲಿ ನಾವು ಕೊಟ್ಟಿದ್ದ ಗಡಿಯಾರ ಬಿಚ್ಚಿ ಅಕ್ಕನ ಕೈಗಿಟ್ಟರು. ಹಬ್ಬದ ಪಂಚೆ ಬಿಚ್ಚಿ ಮಡಿಸಿ ಅವಳ ತೊಡೆಯ ಮೇಲಿಟ್ಟು, ಚಡ್ಡಿಯಲ್ಲಿ ಮೆಟ್ಟಿಲಿಳಿದರು.

"ಹುಷಾರು" ಅಂದಳು ಅಕ್ಕ. ನಗುತ್ತಲೇ ಅಂದಳು.

ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅವರು ಹಿಂದಿರುಗಿ ನೋಡಿ, ಎರಡೂ ಕೈಯಿಂದ ನೀರು ಚಿಮ್ಮಿಸಿದರು. ಅಕ್ಕನ ಸೆರಗಿನ ಮೇಲೆ ಹನಿ ಬಿತ್ತು. ಇನ್ನೊಂದು ಹೆಜ್ಜೆ ಇಟ್ಟರು. ಅಲ್ಲಿ ಮೆಟ್ಟಿಲಿರಲಿಲ್ಲ.

ಸದ್ದೇ ಆಗಲಿಲ್ಲ. ಮುಳುಗುವವರು ಕೂಗುತ್ತಾರೆ, ಕೈ ಬಡಿಯುತ್ತಾರೆ ಎಂದು ನಾನು ಓದಿದ್ದೆ. ಅಂಥದ್ದು ಏನೂ ಇಲ್ಲ. ಒಮ್ಮೆ ಅಂಗೈ ಕಂಡಿತು. ಆಮೇಲೆ ನೀರು ಮೊದಲಿನ ಹಾಗೆಯೇ ಸಾಧುವಾಗಿ ನಿಂತಿತು.

ನಾನು ಕಿರುಚಿದೆ. ಅಣ್ಣ ದೂರದಿಂದ ಕೈ ಬೀಸಿ ನಕ್ಕ. ಭಾವ ಕೊನೆಗೂ ನೀರಿಗಿಳಿದರೆಂದು ನಾವು ಕೂಗುತ್ತಿದ್ದೇವೆ ಎಂದುಕೊಂಡನಂತೆ. ಎರಡನೆಯ ಸಲ ಕಿರುಚಿದಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಗ ಇಬ್ಬರೂ ಈಜಿ ಬಂದರು. ನೀರೊಳಗೆ ತೂಬು ಎಳೆಯುತ್ತಿತ್ತು. ಆ ಸೆಳೆತ ಭಾವನನ್ನು ತೂಬಿನ ಕಲ್ಲುಕಂಬಕ್ಕೆ ಒತ್ತಿ ಹಿಡಿದಿತ್ತು. ಅಣ್ಣ ಮುಳುಗಿ ಎದ್ದ, ಮತ್ತೆ ಮುಳುಗಿದ. ಎದ್ದಾಗ, "ಪಂಚೆ! ಪಂಚೆ ಕೊಡ್ರೋ!" ಎಂದು ಕೂಗಿದ. ಅಕ್ಕ ಅಲ್ಲಿಯವರೆಗೂ ಕಲ್ಲಿನ ಹಾಗೆ ಕೂತಿದ್ದಳು. ಅವಳ ತೊಡೆಯ ಮೇಲಿಂದ ನಾನು ಪಂಚೆ ಕಿತ್ತು ಎಸೆದೆ. ಅದನ್ನು ಅವರ ಕಂಕುಳಿಗೆ ಸುತ್ತಿ, ನೀರಿನಿಂದ ಅಣ್ಣ ನೂಕಿ, ಮೆಟ್ಟಿಲ ಮೇಲಿಂದ ಚಿಕ್ಕಪ್ಪನ ಮಗ ಜಗ್ಗಿ, ಅಂತೂ ಹೊರಗೆ ತಂದರು.

ತುಟಿ ನೇರಳೆಯಾಗಿತ್ತು. ಬೋರಲು ಮಲಗಿಸಿ ಬೆನ್ನು ಒತ್ತಿದರು. ಬಾಯಿಂದ ನೀರು ಬಂತು. ಎಷ್ಟು ಹೊತ್ತು ಒತ್ತಿದರೋ, ಒಮ್ಮೆ ಗೊರಕೆಯಂಥ ಸದ್ದು ಬಂತು. ಅದನ್ನು ಕೇಳಿದ ಮೇಲೆಯೇ ಅಕ್ಕ ಅಳಲು ಶುರುಮಾಡಿದ್ದು.

ನಾನು ಕಿರುಚಿದ್ದು ಕೇಳಿ ಮುದುಕಿ ಹೊರೆ ಬಿಸಾಕಿ ಓಡಿ ಬಂದಿದ್ದಳು. ಎದೆ ಎದೆ ಬಡಿದುಕೊಂಡಳು. "ಆಳಿಲ್ಲ ಅಂದ್ನೆಲ್ರೀ ಯಪ್ಪಾ! ತೂಬೆತ್ತಿ ಉಣ್ಣಾಕ ಹೋಗ್ಯಾನ ಅವ! ಆಳಿಲ್ದಾಗ ಯಾರೂ ಅಲ್ಲಿ ಇಳಿಯಂಗಿಲ್ಲ!"

ಅವಳು ಹೇಳಿದ್ದು ತೂಬು ಕಾಯುವ ಆಳಿನ ಮಾತು. ಅಲ್ಲಿಯ ಗದ್ದೆಯವರೆಲ್ಲ ಅವನನ್ನು ಆಳು ಎಂದೇ ಕರೆಯುತ್ತಿದ್ದರಂತೆ. ತೂಬು ಎತ್ತಿದೆಯೋ ಮುಚ್ಚಿದೆಯೋ ಎಂದು ಅವನನ್ನು ಕೇಳದೆ ಯಾರೂ ಆ ಮೆಟ್ಟಿಲಲ್ಲಿ ಎಮ್ಮೆಯನ್ನೂ ತೊಳೆಯುತ್ತಿರಲಿಲ್ಲ. ಅವಳ ಮಟ್ಟಿಗೆ ಅವಳು ಬೇಡ ಎಂದೇ ಹೇಳಿದ್ದಳು. ಆಳ ಇಲ್ಲ, ಆಳು ಇಲ್ಲ. ಬರೆದರೆ ಬೇರೆ ಬೇರೆ. ಬಾಯಲ್ಲಿ ಎರಡೂ ಆಳಿಲ್ಲ. ಕಾಲೇಜಿನಲ್ಲಿ ನನಗೆ ಸಂಧಿ ಬಿಡಿಸಲು ಕಲಿಸಿದ್ದರು. ಬಿಡಿಸಿದೆ, ಏರಿಯ ಮೇಲೆ ಕೂತು, ಎಲ್ಲ ಮುಗಿದ ಮೇಲೆ.

ಭಾವ ಬದುಕಿದರು. ಜ್ವರ ಇಳಿಯುವವರೆಗೆ ಆಸ್ಪತ್ರೆಯಲ್ಲಿದ್ದರು. ಆಮೇಲೆ ಸೊರಬದ ಕಡೆಯಿಂದ ಅವರ ತಂದೆ ಬಂದು, ನಮ್ಮ ಮನೆಯಲ್ಲಿ ನೀರೂ ಕುಡಿಯದೆ, ಮಗ ಸೊಸೆಯನ್ನು ಕರೆದುಕೊಂಡು ಹೋದರು. ಊರವರು ಅಪ್ಪನಿಗೆ, "ದೊಡ್ಡದು ತಪ್ಪಿತು ಬಿಡ್ರೀ" ಎಂದರು. ಅಣ್ಣನೂ ಅದನ್ನೇ ಹಿಡಿದುಕೊಂಡ. "ಉಳಕೊಂಡ್ರಲ್ಲ, ಮತ್ತೇನು?" ಎನ್ನುತ್ತಿದ್ದ.

ಮುಂದಿನ ಮಳೆಗಾಲದಲ್ಲಿ ಗೊತ್ತಾಯಿತು, ಭಾವ ಗದ್ದೆಗೆ ಇಳಿಯುತ್ತಿಲ್ಲ. ನಾಟಿಗೆಂದು ನೀರು ಕಟ್ಟಿದ ಗದ್ದೆಯ ಬದುವಿನ ಮೇಲೆ ನಿಂತು, ಒಂದು ಕಾಲು ಮುಂದಿಟ್ಟು, ತೆಗೆದುಕೊಂಡು ಮನೆಗೆ ಬಂದರಂತೆ. ಮೊಣಕಾಲನ್ನೂ ಮುಟ್ಟದ ನೀರು, ಹುಟ್ಟಿದಾಗಿನಿಂದ ಆಡಿದ ಕೆಸರು. ಅವರ ತಂದೆ ಬೈದರು, ದೇವರಿಗೆ ಹರಕೆ ಹೊತ್ತರು. ಬಾವಿಯ ಕಟ್ಟೆಯ ಹತ್ತಿರಕ್ಕೂ ಅವರು ಹೋಗದಾದರು. ಅಕ್ಕ ಹಳ್ಳಕ್ಕೆ ಬಟ್ಟೆ ಒಯ್ದರೆ, ಅವಳು ಬರುವವರೆಗೆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲವಂತೆ. ಮಲೆನಾಡಿನ ಗದ್ದೆಯವನಿಗೆ ನೀರಿಲ್ಲದ ಕೆಲಸ ಯಾವುದಿದೆ?

ಓದು ಮುಗಿದ ವರ್ಷ ನಾನೊಬ್ಬಳೇ ಬಂದಳಿಕೆಗೆ ಹೋದೆ. ಗುಡಿಯ ಕಂಬಕ್ಕೆ ಒರಗಿ ಕೂತು, ನಾವೆಲ್ಲ ಅಲ್ಲಿಗೆ ಬಂದಿದ್ದರೆ ಯಾರು ಎಲ್ಲಿ ಕೂರುತ್ತಿದ್ದರು ಎಂದು ನೋಡಿದೆ. ಅಣ್ಣ ಬೇಸರದಿಂದ ಆಕಳಿಸುತ್ತಿದ್ದ. ಭಾವ ನೆರಳಿನಲ್ಲಿ ಮೊಸರನ್ನ ಉಣ್ಣುತ್ತಿದ್ದರು. ಎಲ್ಲ ಸರಿಯಾಗಿತ್ತು. ಅಲ್ಲಿಂದ ಎದ್ದು ಬರುವುದು ನನಗೆ ಬಹಳ ಕಷ್ಟವಾಯಿತು.

ಅದೇ ಪ್ರಯಾಣದಲ್ಲಿ ಅಕ್ಕನ ಮನೆಗೂ ಹೋಗಿದ್ದೆ. ಭಾವ ಜಗಲಿಯಲ್ಲಿ ಕೂತು ಅಡಕೊತ್ತಿನಲ್ಲಿ ಅಡಕೆ ಹೋಳು ಮಾಡುತ್ತಿದ್ದರು. ನನ್ನನ್ನು ಕಂಡು, "ಬಾರವ್ವಾ" ಎಂದರು. ಓದು, ಹಾದಿ, ಬಸ್ಸು ಎಂದು ಎರಡು ಮಾತಾಡಿದರು. ನಾಟಿಯ ಕಾಲ. ಅವರ ಗದ್ದೆಗೆ ಈಗ ಕೂಲಿಯವರೇ ಆಗಬೇಕು, ಅಕ್ಕ ಅವರ ಜೊತೆ ಸೀರೆ ಕಚ್ಚೆ ಹಾಕಿ ಇಳಿಯುತ್ತಿದ್ದಳು. ನಾವು ಮಾತಾಡುತ್ತಿದ್ದಾಗ ಅವಳು ಗದ್ದೆಯಿಂದ ಬಂದಳು. ಕಾಲೆಲ್ಲ ಕೆಸರು, ಮುಖ ಬತ್ತಿತ್ತು. ನಾನು ಬಂದದ್ದನ್ನು ನೋಡದೆ ಅಂಗಳದಿಂದಲೇ ಹೇಳಿದಳು, "ಏನ್ಮಾಡಾದು? ಇವತ್ತೂ ಆಳಿಲ್ಲ."

ಅಡಕೊತ್ತು ನಿಂತಿತು. ಭಾವನ ಕೈ ಜಗಲಿಯ ಕಂಬವನ್ನು ಹಿಡಿದುಕೊಂಡಿತ್ತು. ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ, ಯಾರೋ ಕೆಳಗಿನಿಂದ ಎಳೆಯುತ್ತಿರುವ ಹಾಗೆ. ಅಕ್ಕ ತಟ್ಟನೆ ಬಾಯಿ ಮುಚ್ಚಿಕೊಂಡಳು. ಹಾಗೆಯೇ ಕಾಲು ತೊಳೆಯಲು ಹಿತ್ತಲಿಗೆ ಹೋದಳು. ನೀರು ಸುರಿಯುವ ಸದ್ದು ಅವರಿಗೆ ಕೇಳಬಾರದೆಂದು ಚೊಂಬನ್ನು ಪಾದಕ್ಕೆ ತಾಗಿಸಿ, ಮೆಲ್ಲಗೆ ಬಗ್ಗಿಸಿಕೊಂಡಳು.